ಸ್ಪಿರುಲಿನಾ, ಅಸ್ಟಾಕ್ಸಾಂಥಿನ್, ಕಡಲಕಳೆ, ಸಿಗಡಿ: ನೀರಿನಿಂದ ಬರುವ ಆಂಟಿಆಕ್ಸಿಡೆಂಟ್‌ಗಳಲ್ಲಿ ನಿಮಗೆ ಯಾವುದು?

ಔಷಧ ಅಂಗಡಿಯ ಕಪಾಟಿನಲ್ಲಿ ಈಗ ಹಸಿರು ಮಾತ್ರೆ, ಕೆಂಪು ಕ್ಯಾಪ್ಸೂಲ್, ಕಂದು ಪುಡಿ ಪಕ್ಕಪಕ್ಕದಲ್ಲೇ ಇರುತ್ತವೆ. ಹಸಿರು ಎಂದರೆ ಸ್ಪಿರುಲಿನಾ, ಕೆಂಪು ಎಂದರೆ ಅಸ್ಟಾಕ್ಸಾಂಥಿನ್, ಕಂದು ಎಂದರೆ ಕಡಲಕಳೆಯ ಸಾರ. ಮೂರೂ ನೀರಲ್ಲಿ ಬೆಳೆಯುವ ಜೀವಿಗಳಿಂದ ಬಂದವು. ಮೂರರ ಮೇಲೂ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಚುರುಕು ಆಮ್ಲಜನಕವನ್ನು ತಡೆಯುವ ವಸ್ತು, ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಆದರೆ ದೇಹದಲ್ಲಿ ಅವು ಸೇರುವ ಜಾಗ ಬೇರೆ ಬೇರೆ. ತರುವ ಅಪಾಯವೂ ಬೇರೆ. ಮನುಷ್ಯರ ಮೇಲೆ ಎಷ್ಟು ಪರೀಕ್ಷೆಯಾಗಿದೆ ಎಂಬುದಂತೂ ತೀರಾ ಬೇರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ವಾರಕ್ಕೆ ಒಂದೆರಡು ಸಲ ಮೀನು, ಸಿಗಡಿ ತಿನ್ನುವ ಮನೆಯವರು ಇದಕ್ಕಾಗಿ ಏನನ್ನೂ ಕೊಳ್ಳಬೇಕಿಲ್ಲ. ಸಸ್ಯಾಹಾರಿಗಳು ಒಂದನ್ನು ಆರಿಸಲೇಬೇಕು ಅಂದರೆ ಚೆನ್ನಾಗಿ ಪರೀಕ್ಷೆಯಾದ ಸ್ಪಿರುಲಿನಾ ಸಾಕು. ಅಸ್ಟಾಕ್ಸಾಂಥಿನ್ ನಿರ್ದಿಷ್ಟ ಕಾರಣ ಇದ್ದವರಿಗೆ, ಅದೂ ಸಣ್ಣ ಪ್ರಮಾಣದಲ್ಲಿ. ಕಂದು ಕಡಲಕಳೆಯ ಕ್ಯಾಪ್ಸೂಲ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಥೈರಾಯ್ಡ್ ತೊಂದರೆ ಇದ್ದವರು ಅದರ ಹತ್ತಿರವೂ ಹೋಗಬಾರದು.

‘6000 ಪಟ್ಟು ಶಕ್ತಿ’ ಅನ್ನುವುದು ಎಲ್ಲಿಂದ ಬಂತು

ಅಸ್ಟಾಕ್ಸಾಂಥಿನ್ ಮಾರುವವರ ಅಚ್ಚುಮೆಚ್ಚಿನ ವಾಕ್ಯ ಒಂದಿದೆ: ವಿಟಮಿನ್ ಸಿಗಿಂತ 6000 ಪಟ್ಟು ಶಕ್ತಿಶಾಲಿ. ಈ ಅಂಕಿ ಪ್ರಯೋಗಶಾಲೆಯ ಒಂದು ಅಳತೆಯಿಂದ ಬಂದದ್ದು. ಸಿಂಗ್ಲೆಟ್ ಆಕ್ಸಿಜನ್ ಎಂಬ ಒಂದೇ ಬಗೆಯ ಚುರುಕು ಆಮ್ಲಜನಕವನ್ನು ಯಾವುದು ಎಷ್ಟು ಬೇಗ ತಣ್ಣಗಾಗಿಸುತ್ತದೆ ಎಂದು ಅಲ್ಲಿ ನೋಡಿದರು. ಅಸ್ಟಾಕ್ಸಾಂಥಿನ್ ಸೇರಿದ ಕೆರೋಟಿನಾಯ್ಡ್ ಜಾತಿಯ ಬಣ್ಣಗಳು ಆ ಕೆಲಸಕ್ಕೇ ಹೇಳಿ ಮಾಡಿಸಿದವು. ವಿಟಮಿನ್ ಸಿ ಅಲ್ಲ. ಅದು ನೀರಲ್ಲಿ ಕರಗಿ, ರಕ್ತದಲ್ಲಿ, ಜೀವಕೋಶದ ಒಳಗಿನ ದ್ರವದಲ್ಲಿ ಬೇರೆಯದೇ ಕೆಲಸ ಮಾಡುತ್ತದೆ. ಅಸ್ಟಾಕ್ಸಾಂಥಿನ್ ಕೊಬ್ಬಿನಲ್ಲಿ ಕರಗಿ, ಜೀವಕೋಶದ ಪೊರೆಯಲ್ಲಿ ಕೂರುತ್ತದೆ. ಈಜುವವನನ್ನೂ ಮರ ಹತ್ತುವವನನ್ನೂ ಮರದ ಮೇಲೆ ಪಂದ್ಯಕ್ಕೆ ಬಿಟ್ಟರೆ ಯಾರು ಗೆಲ್ಲುತ್ತಾರೆ ಅಂತ ಕೇಳಬೇಕಾ?

ಇಂಥ ಅಂಕಿಗಳ ಮೇಲೆ ಅನುಮಾನ ನನಗೊಬ್ಬನಿಗೇ ಇರುವುದಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಓರಾಕ್ ಎಂಬ ಅಂಕದಲ್ಲಿ ಕೊಡುತ್ತಿದ್ದ ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತೆಗೆದೇಬಿಟ್ಟಿತು. ಗಾಜಿನ ನಳಿಗೆಯಲ್ಲಿ ಸಿಕ್ಕ ಅಂಕ ಮನುಷ್ಯನ ದೇಹದಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ತಪ್ಪಾಗಿ ಬಳಸುತ್ತಿವೆ ಎಂಬುದು ಅವರು ಕೊಟ್ಟ ಕಾರಣ. ಹಾಗಾಗಿ ಡಬ್ಬಿಯ ಮೇಲೆ ಓರಾಕ್ ಅಂಕವೋ ಇಷ್ಟು ಪಟ್ಟು ಎಂಬ ಮಾತೋ ಇದ್ದರೆ ಅದನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಹೋಲಿಸಲು ಮೂರು ಪ್ರಶ್ನೆ ಸಾಕು. ಅದು ನೀರಲ್ಲಿ ಕರಗುತ್ತದಾ, ಕೊಬ್ಬಲ್ಲಾ? ನೀವು ತಿನ್ನುವ ಪ್ರಮಾಣದಲ್ಲಿ ನಿಜವಾಗಿ ಎಷ್ಟು ಮಿಲಿಗ್ರಾಂ ಇದೆ? ಜೊತೆಗೆ ಬೇಡದ್ದು ಏನು ಬರುತ್ತದೆ? ನೀರಿನ ಜೀವಿಗಳ ವಿಷಯದಲ್ಲಿ ಈ ಮೂರನೇ ಪ್ರಶ್ನೆ ತುಂಬಾ ಮುಖ್ಯ. ಅವು ಬೆಳೆದ ನೀರಿನಲ್ಲಿ ಏನಿತ್ತೋ ಅದನ್ನು ಹೀರಿಕೊಂಡಿರುತ್ತವೆ.

ಸ್ಪಿರುಲಿನಾ: ಹಸಿರಿನೊಳಗಿನ ನೀಲಿ

ಸ್ಪಿರುಲಿನಾ ನಿಜಕ್ಕೂ ಗಿಡ ಅಲ್ಲ, ಪಾಚಿಯಂತೆ ಕಾಣುವ ಬ್ಯಾಕ್ಟೀರಿಯಾ. ಆಫ್ರಿಕಾದ ಚಾಡ್ ಸರೋವರದ ಕಡೆ ಕನೆಂಬು ಹೆಂಗಸರು ಇದನ್ನು ಕ್ಷಾರದ ಕೊಳಗಳಿಂದ ಸೋಸಿ ತೆಗೆದು, ಬಿಸಿಲಿಗೆ ಒಣಗಿಸಿ, ‘ದಿಹೆ’ ಎಂಬ ಬಿಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ನಮಗೂ ಇದು ತೀರಾ ಹೊಸದಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಿಂದಲೂ ತಿನ್ನುವ ಪಾಚಿಗಳ ಮೇಲೆ ಕೆಲಸ ನಡೆದಿದೆ. ಸ್ಪಿರುಲಿನಾ ಹಾಕಿದ ಚಿಕ್ಕಿಯನ್ನೂ ಅವರು ರೂಪಿಸಿದ್ದಾರೆ.

ಇದರಲ್ಲಿರುವ ಮುಖ್ಯ ಬಣ್ಣ ಫೈಕೋಸೈನಿನ್. ಪುಡಿಯನ್ನು ನೀರಿನಲ್ಲಿ ನೆನೆಸಿ ಸೋಸಿದರೆ ಬರುವ ನೀಲಿ ಅದೇ. ಇದು ನೀರಲ್ಲಿ ಕರಗುವ ಪ್ರೋಟೀನ್. ಬೆಳಕನ್ನು ಹಿಡಿಯುವುದು ಆ ಜೀವಿಗೆ ಅದರಿಂದ ಆಗುವ ಕೆಲಸ. ಈ ಪ್ರೋಟೀನಿಗೆ ಅಂಟಿಕೊಂಡ ಬಣ್ಣದ ಅಣು ನಮ್ಮ ದೇಹದಲ್ಲೇ ತಯಾರಾಗುವ ಬಿಲಿರುಬಿನ್‌ನ ಹತ್ತಿರದ ನೆಂಟ. ಬಿಲಿರುಬಿನ್ ಕೂಡ ಆಂಟಿಆಕ್ಸಿಡೆಂಟ್ ಕೆಲಸ ಮಾಡುತ್ತದೆ. ಆದ್ದರಿಂದಲೇ ಸಂಶೋಧಕರಿಗೆ ಇದರ ಮೇಲೆ ಇಷ್ಟು ಆಸಕ್ತಿ.

ಒಣಗಿಸಿದ ಸ್ಪಿರುಲಿನಾದಲ್ಲಿ ಸಾಮಾನ್ಯವಾಗಿ 10ರಿಂದ 15 ಶೇಕಡಾ ಫೈಕೋಸೈನಿನ್ ಇರುತ್ತದೆ. ಅಂದರೆ 500 ಮಿ.ಗ್ರಾಂ ಮಾತ್ರೆಯಲ್ಲಿ 50ರಿಂದ 75 ಮಿ.ಗ್ರಾಂ. ಆದರೆ ಇದಕ್ಕೆ ಶಾಖ ಆಗುವುದಿಲ್ಲ. 60 ಡಿಗ್ರಿ ದಾಟಿದರೆ ನೀಲಿ ಬೇಗನೆ ಹಾಳಾಗುತ್ತದೆ. ಬೆಳಕೂ ಅದಕ್ಕೆ ಶತ್ರು. ಹಾಗಾಗಿ ಪುಡಿಯನ್ನು ಕುದಿಯುವ ಸಾರಿಗೋ ಚಪಾತಿ ಹಿಟ್ಟಿಗೋ ಹಾಕಿದರೆ ಪ್ರೋಟೀನ್, ಕಬ್ಬಿಣ ಉಳಿಯುತ್ತವೆ, ಫೈಕೋಸೈನಿನ್ ಬಹುಪಾಲು ಹೋಗುತ್ತದೆ. ಮಜ್ಜಿಗೆಗೆ, ತಣ್ಣನೆಯ ಹಣ್ಣಿನ ರಸಕ್ಕೆ, ಬಡಿಸಿದ ಮೇಲೆ ಚಟ್ನಿಗೆ ಸೇರಿಸಿದರೆ ಉಳಿಯುತ್ತದೆ.

ಜಾಹೀರಾತಿನಲ್ಲಿ ಬರುವ ‘ಪ್ರೋಟೀನ್‌ನ ಗಣಿ’ ಎಂಬ ಮಾತನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸ್ಪಿರುಲಿನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್ ಇರುವುದು ನಿಜ. ಆದರೆ ಜನ ತಿನ್ನುವುದು ದಿನಕ್ಕೆ 2-3 ಗ್ರಾಂ. 3 ಗ್ರಾಂನಲ್ಲಿ ಸಿಗುವ ಪ್ರೋಟೀನ್ ಎರಡು ಗ್ರಾಂಗಿಂತ ಕಡಿಮೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಒಂದು ಹಿಡಿ ಹುರಿಗಡಲೆಯಲ್ಲೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಕಬ್ಬಿಣದ ಕಥೆಯೂ ಅಷ್ಟೇ. 3 ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಬರುವುದಿಲ್ಲ.

ಸಸ್ಯಾಹಾರಿಗಳು ಗಮನಿಸಲೇಬೇಕಾದದ್ದು ಬಿ12. ಸ್ಪಿರುಲಿನಾ ಡಬ್ಬಿಗಳ ಮೇಲೆ ಬಿ12 ಇದೆ ಎಂದು ಬರೆದಿರುತ್ತಾರೆ. ಅಲ್ಲಿರುವುದರಲ್ಲಿ ಹೆಚ್ಚಿನದು ಹುಸಿ ಬಿ12, ನಮ್ಮ ದೇಹ ಬಳಸಿಕೊಳ್ಳಲಾಗದ ರೂಪ. ಸೂಕ್ಷ್ಮಜೀವಿ ಬಳಸಿ ಮಾಡುವ ಹಳೆಯ ಪರೀಕ್ಷೆ ಅಸಲಿಯನ್ನೂ ಹುಸಿಯನ್ನೂ ಒಟ್ಟಿಗೆ ಎಣಿಸುತ್ತದೆ, ಅದಕ್ಕೇ ಲೇಬಲ್‌ನಲ್ಲಿ ದೊಡ್ಡ ಅಂಕಿ ಕಾಣುತ್ತದೆ. ಬಿ12 ಕೊರತೆ ಇರುವವರು ಸ್ಪಿರುಲಿನಾ ನಂಬಿಕೊಂಡು ವೈದ್ಯರು ಕೊಟ್ಟ ಮಾತ್ರೆ ಬಿಟ್ಟರೆ ನರಗಳಿಗೇ ಪೆಟ್ಟು ಬೀಳಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಮನುಷ್ಯರ ಮೇಲಿನ ಪರೀಕ್ಷೆಗಳು ಸ್ಪಿರುಲಿನಾಗೆ ಸಾಕಷ್ಟು ಇವೆ, ಆದರೆ ಹೆಚ್ಚಿನವು ಸಣ್ಣವು. ದಿನಕ್ಕೆ ಒಂದರಿಂದ ಎಂಟು ಗ್ರಾಂ ಕೊಟ್ಟು ನೋಡಿದಾಗ ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ತುಸು ಇಳಿದದ್ದು ಹಲವು ಕಡೆ ಕಂಡಿದೆ. ಔಷಧದ ಜಾಗಕ್ಕೆ ಬರುವಷ್ಟು ಅಲ್ಲ. ಆದರೂ ಈ ಗುಂಪಿನಲ್ಲಿ ಸಾಕ್ಷ್ಯ, ಬೆಲೆ ಎರಡನ್ನೂ ಸೇರಿಸಿ ನೋಡಿದರೆ ಸ್ಪಿರುಲಿನಾವೇ ಮುಂದೆ.

ಇನ್ನು ಅಪಾಯ. ಸ್ಪಿರುಲಿನಾ ತುಂಬಾ ಕ್ಷಾರದ ನೀರಲ್ಲಿ ಬೆಳೆಯುತ್ತದೆ, ಪಿಎಚ್ 9ರಿಂದ 10ರ ಆಸುಪಾಸು. ಆ ನೀರಲ್ಲಿ ಬೇರೆ ಪಾಚಿಗಳು ಸುಲಭವಾಗಿ ಬದುಕುವುದಿಲ್ಲ, ಅದೇ ಅದರ ರಕ್ಷಣೆ. ತೊಟ್ಟಿಯ ನಿರ್ವಹಣೆ ಸರಿಯಿಲ್ಲದಿದ್ದರೆ ಮೈಕ್ರೋಸಿಸ್ಟಿನ್ ಎಂಬ ಯಕೃತ್ತಿನ ವಿಷ ತಯಾರಿಸುವ ಜಾತಿಗಳು ಸೇರಿಕೊಳ್ಳಬಹುದು. ಅಮೆರಿಕದ ಒರೆಗಾನ್‌ನ ಕ್ಲಾಮತ್ ಸರೋವರದಿಂದ ನೇರವಾಗಿ ತೆಗೆಯುತ್ತಿದ್ದ ಇನ್ನೊಂದು ನೀಲಿ-ಹಸಿರು ಪಾಚಿಯಲ್ಲಿ ಈ ವಿಷ ಸಿಕ್ಕಿತ್ತು. ಅಲ್ಲಿನ ಸರ್ಕಾರ 1997ರಲ್ಲಿ ಗ್ರಾಂಗೆ 1 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಹಾಗಾಗಿ ಕೆರೆ, ಸರೋವರದ ‘ಕಾಡು’ ಪಾಚಿ ಅಂದರೆ ಹೆಚ್ಚು ಶುದ್ಧ ಎಂಬ ಭಾವನೆ ಬಿಡಿ. ಇಲ್ಲಿ ತೊಟ್ಟಿಯಲ್ಲಿ ಬೆಳೆದು ಪರೀಕ್ಷೆಯಾದದ್ದೇ ಮೇಲು.

ಲೂಪಸ್‌ನಂಥ ಆಟೊಇಮ್ಯೂನ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ಎರಗುವುದು) ಇರುವವರು, ಪ್ರೋಟೀನಿನ ಒಂದು ಅಂಶವನ್ನು ಅರಗಿಸಲಾಗದ ಹುಟ್ಟಿನ ಕಾಯಿಲೆಯಾದ ಫಿನೈಲ್‌ಕೀಟೋನೂರಿಯಾ ಇರುವವರು ಸ್ಪಿರುಲಿನಾ ಬಿಡುವುದು ಒಳ್ಳೆಯದು. ಇದರ ಪಕ್ಕದಲ್ಲೇ ಮಾರುವ ಕ್ಲೋರೆಲ್ಲಾ ಬೇರೆ ಜೀವಿ. ಅದರಲ್ಲಿ ವಿಟಮಿನ್ ಕೆ ಜಾಸ್ತಿ ಇರುವುದರಿಂದ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಆಗಿಬರುವುದಿಲ್ಲ.

ಅಸ್ಟಾಕ್ಸಾಂಥಿನ್: ಕಷ್ಟ ಬಂದಾಗ ಕೆಂಪಾಗುವ ಪಾಚಿ

ಈ ಗುಂಪಿನಲ್ಲಿ ನನಗೆ ಅತಿ ಇಷ್ಟವಾದ ಜೀವಿ ಹೆಮಟೋಕಾಕಸ್. ಬಂಡೆಯ ಗುಳಿಯಲ್ಲಿ ನಿಂತ ಮಳೆನೀರು, ಹಕ್ಕಿಗಳಿಗೆ ಇಟ್ಟ ನೀರಿನ ಬೋಗುಣಿ, ಇಂಥ ಕಡೆ ಬೆಳೆಯುವ ಒಂದೇ ಕೋಶದ ಪಾಚಿ. ನೀರು, ಪೋಷಕಾಂಶ ಚೆನ್ನಾಗಿದ್ದಾಗ ಹಸಿರಾಗಿ ಈಜಾಡಿಕೊಂಡಿರುತ್ತದೆ. ಸಾರಜನಕ ಮುಗಿದು, ಬಿಸಿಲು ಚುರುಗುಟ್ಟಿ, ಗುಳಿ ಒಣಗತೊಡಗಿದಾಗ ದಪ್ಪ ಗೋಡೆ ಕಟ್ಟಿಕೊಂಡು, ಒಳಗೆ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ಆ ಕೆಂಪೇ ಅಸ್ಟಾಕ್ಸಾಂಥಿನ್. ಒಣತೂಕದ 3ರಿಂದ 5 ಶೇಕಡಾವರೆಗೂ ಅದೇ ಇರುತ್ತದೆ. ಕಾರ್ಖಾನೆಯವರೂ ಹೀಗೇ ಮಾಡುತ್ತಾರೆ: ಮೊದಲು ಹಸಿರಾಗಿ ಬೆಳೆಸಿ, ಆಮೇಲೆ ಬೇಕೆಂದೇ ಹಸಿವು, ಜೋರು ಬೆಳಕು ಕೊಟ್ಟು ಕೆಂಪಾಗಿಸುತ್ತಾರೆ. ಎರಡು ಹಂತದ ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಬೆರಕೆಯಾಗದಂತೆ ಕಾಯಬೇಕು, ಗಟ್ಟಿ ಗೋಡೆ ಒಡೆಯಬೇಕು. ಬೆಲೆ ಜಾಸ್ತಿ ಇರುವುದು ಇದಕ್ಕೇ.

ಬೆಲೆ ಕಡಿಮೆಯ ಅಸ್ಟಾಕ್ಸಾಂಥಿನ್ ಕೂಡ ಇದೆ, ಅದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ಮಾಡಿದ್ದು. ಸಾಕಿದ ಸಾಲ್ಮನ್ ಮೀನಿನ ಮಾಂಸ ಗುಲಾಬಿ ಬಣ್ಣಕ್ಕೆ ಬರಲೆಂದು ಅದರ ಆಹಾರಕ್ಕೆ ಬೆರೆಸುವುದು ಹೆಚ್ಚಾಗಿ ಇದನ್ನೇ. ಅಣುವಿನ ಸೂತ್ರ ಒಂದೇ ಆದರೂ ಅದರ ಆಕಾರದ ಬಗೆಗಳಲ್ಲಿ ವ್ಯತ್ಯಾಸ ಇದೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಪಾಚಿಯಿಂದ ಬಂದದ್ದರ ಮೇಲೆ ನಡೆದಿವೆ. ಕೊಳ್ಳುವುದಾದರೆ ಲೇಬಲ್ ಮೇಲೆ ಹೆಮಟೋಕಾಕಸ್ ಹೆಸರು ಇರಬೇಕು.

ಪರೀಕ್ಷೆಗಳು ಏನು ಹೇಳುತ್ತವೆ? ದಿನಕ್ಕೆ 4ರಿಂದ 12 ಮಿ.ಗ್ರಾಂ ಕೆಲವು ವಾರ ಕೊಟ್ಟು, ಚರ್ಮದ ತೇವ, ಸುಕ್ಕು, ಪರದೆ ನೋಡಿ ದಣಿದ ಕಣ್ಣು ಇವುಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದ್ದಾರೆ. ಆದರೆ ಒಂದೊಂದರಲ್ಲೂ ಜನ ಕಡಿಮೆ. ಹಲವಕ್ಕೆ ಹಣ ಕೊಟ್ಟವರು ತಯಾರಕರೇ. ಹೃದಯಾಘಾತ ಕಡಿಮೆಯಾಯಿತು, ಆಯಸ್ಸು ಹೆಚ್ಚಿತು ಎಂದು ತೋರಿಸಿದ ದೊಡ್ಡ ಪರೀಕ್ಷೆ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಸ್ಟಾಕ್ಸಾಂಥಿನ್‌ನ ಆರೋಗ್ಯ ಹೇಳಿಕೆಗಳನ್ನು ಪರಿಶೀಲಿಸಿ, ಸಾಕ್ಷ್ಯ ಸಾಲದು ಎಂದಿದೆ. ಅದೇ ಪ್ರಾಧಿಕಾರ 2020ರಲ್ಲಿ ದೊಡ್ಡವರಿಗೆ ದಿನಕ್ಕೆ 8 ಮಿ.ಗ್ರಾಂವರೆಗೆ ಸುರಕ್ಷಿತ ಎಂದೂ ಹೇಳಿತು. ಸುರಕ್ಷಿತ ಅನ್ನುವುದಕ್ಕೂ ಉಪಯುಕ್ತ ಅನ್ನುವುದಕ್ಕೂ ನಡುವೆ ದೂರ ಇದೆ ಅಲ್ವಾ? ಕೊಳ್ಳುವ ಮುಂಚೆ ಆ ದೂರ ನೆನಪಿರಲಿ.

ಇಷ್ಟಾದರೂ ಪ್ರಯತ್ನಿಸಿ ನೋಡುತ್ತೇನೆ ಅನ್ನುವವರಿಗೆ 4 ಮಿ.ಗ್ರಾಂ ಸಾಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವ್ಯರ್ಥ. ಎಣ್ಣೆ, ತುಪ್ಪ, ತೆಂಗಿನಕಾಯಿ ಇರುವ ಊಟದ ಜೊತೆ ತೆಗೆದುಕೊಂಡರೆ ಮಾತ್ರ ಚೆನ್ನಾಗಿ ಒಳಗೆ ಹೋಗುತ್ತದೆ. ಸಸ್ಯಾಹಾರಿಗಳು ಇನ್ನೊಂದು ಗಮನಿಸಿ. ಪಾಚಿ ಸಸ್ಯಾಹಾರವೇ ಇರಬಹುದು, ಮೆತ್ತನೆಯ ಕ್ಯಾಪ್ಸೂಲಿನ ಹೊರಕವಚ ಪ್ರಾಣಿಯ ಜೆಲಟಿನ್ ಆಗಿರಬಹುದು. ಹಸಿರು ಗುರುತು ನೋಡಿ ಕೊಳ್ಳಿ.

ಸಿಗಡಿಯಂಥ ಪುಟ್ಟ ಕಡಲಜೀವಿ ಕ್ರಿಲ್‌ನ ಎಣ್ಣೆಯಲ್ಲೂ ಅಸ್ಟಾಕ್ಸಾಂಥಿನ್ ಇದೆ ಎಂದು ಮಾರುತ್ತಾರೆ. ಇರುವುದು ನಿಜ, ತೀರಾ ಕಡಿಮೆ. ಅಸ್ಟಾಕ್ಸಾಂಥಿನ್‌ಗಾಗಿ ಕ್ರಿಲ್ ಎಣ್ಣೆ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬೀಡಿ, ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ

ಡುನಾಲಿಯೆಲ್ಲಾ ಎಂಬ ಇನ್ನೊಂದು ಪಾಚಿ ಉಪ್ಪಿನ ಸರೋವರಗಳಲ್ಲಿ ಬೆಳೆಯುತ್ತದೆ. ಅದರಿಂದ ಬೀಟಾ ಕೆರೋಟಿನ್ ತೆಗೆದು ‘ನೈಸರ್ಗಿಕ’ ಎಂದು ಮಾರುತ್ತಾರೆ. ಇಲ್ಲಿ ಹಳೆಯ ಪಾಠವೊಂದು ಇದೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ನಡೆಯಿತು. ಒಂದು ಪಾಲಿನವರಿಗೆ ದಿನಕ್ಕೆ 20 ಮಿ.ಗ್ರಾಂ ಬೀಟಾ ಕೆರೋಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಅದು 18 ಶೇಕಡಾ ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಅಲ್ಲೂ ಕ್ಯಾನ್ಸರ್ ಜಾಸ್ತಿಯಾಗಿತ್ತು.

ಅಲ್ಲಿ ಕೊಟ್ಟದ್ದು ಪಾಚಿಯದ್ದಲ್ಲ. ಆದರೂ ಧೂಮಪಾನ ಮಾಡುವವರು, ಬಿಟ್ಟವರು ಯಾವ ಮೂಲದ ಬೀಟಾ ಕೆರೋಟಿನ್ ಕ್ಯಾಪ್ಸೂಲನ್ನೂ ತೆಗೆದುಕೊಳ್ಳದಿರುವುದೇ ಜಾಣತನ. ಕ್ಯಾರೆಟ್, ಕುಂಬಳಕಾಯಿ, ನುಗ್ಗೆಸೊಪ್ಪು ತಿನ್ನಲು ಭಯ ಬೇಡ. ಆಂಟಿಆಕ್ಸಿಡೆಂಟ್ ಎಷ್ಟು ಜಾಸ್ತಿಯಾದರೂ ಒಳ್ಳೆಯದೇ ಎಂಬ ನಂಬಿಕೆಯನ್ನು ಈ ಎರಡು ಪರೀಕ್ಷೆಗಳು ಮುರಿದುಹಾಕಿದವು.

ಕಂದು ಕಡಲಕಳೆ: ಗುಣ ಇದೆ, ಜೊತೆಗೆ ಅಯೋಡಿನ್ ಕೂಡ

ಕಡಲ ದಂಡೆಯ ಬಂಡೆಗಳಿಗೆ ಅಂಟಿ ಬೆಳೆಯುವ ಕಳೆಗಳ ಬದುಕು ಸುಲಭದ್ದಲ್ಲ. ಇಳಿತ ಬಂದಾಗಲೆಲ್ಲ ಅವು ಬಿಸಿಲಿಗೆ ಬೀಳುತ್ತವೆ, ಒಣಗುತ್ತವೆ, ಮತ್ತೆ ನೆನೆಯುತ್ತವೆ. ಅದನ್ನು ತಾಳಿಕೊಳ್ಳಲು ರಕ್ಷಣೆಯ ವಸ್ತುಗಳನ್ನು ಮಾಡಿಕೊಳ್ಳುತ್ತವೆ. ಕಂದು ಜಾತಿಗಳಲ್ಲಿ ಮುಖ್ಯವಾದವು ಎರಡು: ಫ್ಯೂಕೋಕ್ಸಾಂಥಿನ್ ಎಂಬ ಬಣ್ಣ, ಮತ್ತು ಚಹಾದ ಒಗರಿನ ವಸ್ತುಗಳ ನೆಂಟರಾದ ಫ್ಲೋರೋಟ್ಯಾನಿನ್‌ಗಳು. ಪ್ರಯೋಗಶಾಲೆಯಲ್ಲಿ ಇವುಗಳ ಅಂಕಗಳು ಭರ್ಜರಿ. ಆದರೆ ಫ್ಯೂಕೋಕ್ಸಾಂಥಿನ್ ಮನುಷ್ಯರ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ತೂಕ ಇಳಿಸುತ್ತದೆ ಎಂಬ ಪ್ರಚಾರದ ಹಿಂದೆ ಇರುವುದು ಹೆಚ್ಚಾಗಿ ಇಲಿಗಳ ಮೇಲಿನ ಕೆಲಸ, ಜೊತೆಗೆ ಬೆರಳೆಣಿಕೆಯ ಸಣ್ಣ ಪರೀಕ್ಷೆಗಳು.

ಇದರ ಎದುರು ಅಪಾಯ ಸ್ಪಷ್ಟವಾಗಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಜಪಾನಿನ ಅಡುಗೆಯಲ್ಲಿ ಬಳಸುವ ‘ಕೊಂಬು’ ಎಂಬ ಒಣಗಿದ ಕಂದು ಕಡಲಕಳೆಯ ಒಂದೇ ಗ್ರಾಂನಲ್ಲಿ 1000 ಮೈಕ್ರೋಗ್ರಾಂ ದಾಟಬಹುದು. ನಾವು ಈಗಾಗಲೇ ಅಯೋಡಿನ್ ಸೇರಿಸಿದ ಉಪ್ಪು ತಿನ್ನುತ್ತಿದ್ದೇವೆ. ಅತಿಯಾದ ಅಯೋಡಿನ್ ಥೈರಾಯ್ಡನ್ನು ಕೆರಳಿಸಲೂಬಹುದು, ಕುಗ್ಗಿಸಲೂಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮ ಸುತ್ತ ಎಷ್ಟೊಂದು ಜನ ಇದ್ದಾರೆ, ನೋಡಿ. ಅವರಿಗೆ ಈ ಕ್ಯಾಪ್ಸೂಲ್ ಖಂಡಿತ ಬೇಡ. ಆರ್ಸೆನಿಕ್ ಇನ್ನೊಂದು ಚಿಂತೆ. ಸರ್ಗಾಸಮ್ ಜಾತಿಯ ಹಿಜಿಕಿ ಎಂಬ ಕಳೆಯಲ್ಲಿ ಅಪಾಯಕಾರಿ ರೂಪದ ಆರ್ಸೆನಿಕ್ ಜಾಸ್ತಿ ಎಂದು ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನಲೇಬೇಡಿ ಎಂದಿದೆ. ನಮ್ಮ ಕರಾವಳಿಯ ಬಂಡೆಗಳಲ್ಲೂ ಸರ್ಗಾಸಮ್ ಬೆಳೆಯುತ್ತದೆ. ಪುಕ್ಕಟೆ ಸಿಗುತ್ತದೆ ಎಂದು ಕಿತ್ತು ತಂದು ಪುಡಿ ಮಾಡಬೇಡಿ.

ತಮಿಳುನಾಡಿನ ಮಂಡಪಂ ಕಡೆ ಬೆಳೆಸುವ ಕಪ್ಪಾಫೈಕಸ್ ಬೇರೆ ಬಗೆ, ಅದು ಕೆಂಪು ಕಡಲಕಳೆ. ಅದನ್ನು ಬೆಳೆಸುವುದು ಮುಖ್ಯವಾಗಿ ಕ್ಯಾರಗೀನನ್ ಎಂಬ ಅಂಟಿಗಾಗಿ. ಮನೆಯಲ್ಲಿ ಪುಡಿಂಗ್‌ಗೆ ಹಾಕುವ ಚೀನಾ ಗ್ರಾಸ್ ಕೂಡ ಕೆಂಪು ಕಡಲಕಳೆಯಿಂದಲೇ ಬಂದದ್ದು. ತೊಳೆದು, ಕುದಿಸಿ, ಬಣ್ಣ ತೆಗೆದು ಉಳಿದ ನಾರು ಅದು. ಆಂಟಿಆಕ್ಸಿಡೆಂಟ್ ನಿರೀಕ್ಷೆ ಅದರಿಂದ ಬೇಡ. ಜಪಾನಿನ ಸುಶಿ ತಿಂಡಿಗೆ ಸುತ್ತುವ ನೋರಿ ಎಂಬ ಕಡಲಕಳೆಯಲ್ಲಿ ಅಯೋಡಿನ್ ಕೊಂಬುವಿಗಿಂತ ಎಷ್ಟೋ ಕಡಿಮೆ. ರುಚಿಗಾಗಿ ಆಗಾಗ ತಿನ್ನಬಹುದು.

ಸಿಗಡಿ, ಏಡಿ, ಬಂಗುಡೆ

ಏಡಿ, ಸಿಗಡಿ ಬೆಂದಾಗ ಕೆಂಪಾಗುವುದು ಯಾಕೆ ಗೊತ್ತಾ? ಅವುಗಳ ಚಿಪ್ಪಿನಲ್ಲೂ ಅಸ್ಟಾಕ್ಸಾಂಥಿನ್ ಇದೆ. ಹಸಿಯಾಗಿದ್ದಾಗ ಅದು ಒಂದು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡು ನೀಲಿ-ಬೂದು ಕಾಣುತ್ತದೆ. ಬಿಸಿ ತಾಗಿದಾಗ ಪ್ರೋಟೀನ್ ಬಿಚ್ಚಿಕೊಂಡು ಕೆಂಪು ಹೊರಬರುತ್ತದೆ. ಇವು ಈ ಬಣ್ಣವನ್ನು ಪಡೆಯುವುದು ಪಾಚಿಯಿಂದ ಶುರುವಾಗುವ ಆಹಾರದ ಸರಪಳಿಯಿಂದ.

ಸಿಗಡಿಯಲ್ಲಿ ಈ ಬಣ್ಣದ ಬಹುಪಾಲು ಇರುವುದು ತಲೆ, ಚಿಪ್ಪಿನಲ್ಲಿ. ನಾವು ಬಿಸಾಡುವುದೂ ಅದನ್ನೇ. ತಲೆ, ಚಿಪ್ಪನ್ನು ಎಣ್ಣೆಯಲ್ಲಿ ಬಾಡಿಸಿದರೆ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊಬ್ಬಿನಲ್ಲಿ ಕರಗುವ ಬಣ್ಣ ಅಲ್ಲಿಗೆ ಇಳಿದಿದೆ ಎಂದರ್ಥ. ಅದೇ ಎಣ್ಣೆಗೆ ಮಸಾಲೆ, ಕಾಯಿಹಾಲು ಹಾಕಿ ಗಸಿ ಮಾಡಿ. ಕರಾವಳಿಯ ಒಣ ಸಿಗಡಿ ಚಟ್ನಿಯಲ್ಲಿ ಚಿಪ್ಪಿನ ಸಮೇತ ಅರೆಯುವುದರಿಂದ ಬಣ್ಣ ಸ್ವಲ್ಪ ಒಳಗೆ ಹೋಗುತ್ತದೆ, ಆದರೆ ಬಿಸಿಲಿನಲ್ಲಿ ಒಣಗಿಸುವಾಗ ಒಂದು ಪಾಲು ನಷ್ಟವಾಗಿರುತ್ತದೆ. ಉಪ್ಪೂ ಜಾಸ್ತಿ, ಬಿಪಿ ಇರುವವರು ಮಿತಿಯಲ್ಲಿ ತಿನ್ನಿ. ಸಾಕದೆ ಕಡಲಲ್ಲಿ ಬೆಳೆದ ಸಾಕ್‌ಐ ಸಾಲ್ಮನ್ ಮಾಂಸದಲ್ಲಿ ಕೆ.ಜಿ.ಗೆ 26ರಿಂದ 38 ಮಿ.ಗ್ರಾಂ ಅಸ್ಟಾಕ್ಸಾಂಥಿನ್ ಇರುತ್ತದೆ. 100 ಗ್ರಾಂ ತುಂಡಿನಲ್ಲಿ ಸುಮಾರು 3 ಮಿ.ಗ್ರಾಂ ಸಿಕ್ಕಂತಾಯಿತು. ವಿದೇಶದಲ್ಲಿ ಇರುವ ನಮ್ಮವರಿಗೆ ಇದು ಕ್ಯಾಪ್ಸೂಲಿಗಿಂತ ಒಳ್ಳೆಯ ದಾರಿ.

ಬಂಗುಡೆ, ಬೂತಾಯಿಯಲ್ಲಿ ಈ ಕೆಂಪು ಇಲ್ಲ. ಅವುಗಳ ಕೊಡುಗೆ ಸೆಲೆನಿಯಂ. ಅದನ್ನು ಬಳಸಿ ನಮ್ಮ ದೇಹ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಕಟ್ಟಿಕೊಳ್ಳುತ್ತದೆ. ಜೀವಕೋಶಕ್ಕೆ ಹಾನಿ ಮಾಡುವ ಪೆರಾಕ್ಸೈಡ್‌ಗಳನ್ನು ನಿತ್ಯ ತೆರವು ಮಾಡುವ ಕೆಲಸ ಅದರದ್ದು. ಅಮೆರಿಕದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಡಬ್ಬಿಯ, ಬೂತಾಯಿ ಬಗೆಯ ಮೀನಾದ ಸಾರ್ಡಿನ್‌ನಲ್ಲಿ ಸುಮಾರು 50 ಮೈಕ್ರೋಗ್ರಾಂ ಸೆಲೆನಿಯಂ ಇದೆ. ಅಲ್ಲಿ ದೊಡ್ಡವರಿಗೆ ದಿನಕ್ಕೆ ಹೇಳುವುದು 55. ಜೊತೆಗೆ ಪ್ರೋಟೀನ್, ಒಮೆಗಾ-3, ಅಸಲಿ ಬಿ12 ಕೂಡ ಸಿಗುತ್ತವೆ. ಮೀನು ತಿನ್ನುವವರು ಏನೂ ಕೊಳ್ಳಬೇಕಿಲ್ಲ ಎಂದದ್ದು ಈ ಕಾರಣಕ್ಕೆ. ಮೀನೆಣ್ಣೆಯ ಕ್ಯಾಪ್ಸೂಲನ್ನು ಮಾತ್ರ ಆಂಟಿಆಕ್ಸಿಡೆಂಟ್ ಎಂದು ಎಣಿಸಬೇಡಿ. ಆ ಎಣ್ಣೆಯೇ ಗಾಳಿ ತಾಗಿ ಬೇಗ ಹಳಸುತ್ತದೆ.

ಪಚ್ಚಿಲೆ ಎಂಬ ಹಸಿರು ಚಿಪ್ಪುಜೀವಿಯ ಸಾರದಿಂದ, ಕಡಲಕಳೆಯ ಸಾರದಿಂದ ಕೊಚ್ಚಿಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ‘ಕಡಲ್ಮಿನ್’ ಹೆಸರಿನಲ್ಲಿ ಉತ್ಪನ್ನಗಳನ್ನು ರೂಪಿಸಿದೆ. ಅವುಗಳ ಗುರಿ ಕೀಲುನೋವು, ಮಧುಮೇಹದಂಥ ಕಾಯಿಲೆಗಳು. ಅವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ.

ಕೊಳ್ಳುವ ಮುಂಚೆ ಲೇಬಲ್ ಓದುವುದು

ಮೊದಲು ಸಾರದ ತೂಕವನ್ನೂ ಅಸಲಿ ವಸ್ತುವಿನ ತೂಕವನ್ನೂ ಬೇರೆ ಮಾಡಿ. ‘ಹೆಮಟೋಕಾಕಸ್ ಸಾರ 40 ಮಿ.ಗ್ರಾಂ, 10 ಶೇಕಡಾ’ ಎಂದಿದ್ದರೆ ಅಸ್ಟಾಕ್ಸಾಂಥಿನ್ ಇರುವುದು 4 ಮಿ.ಗ್ರಾಂ ಮಾತ್ರ. ಶೇಕಡಾ ಕೊಟ್ಟಿಲ್ಲ ಎಂದರೆ ಅದನ್ನು ಅಲ್ಲೇ ಬಿಡಿ. ಡಬ್ಬಿಯ ಬೆಲೆಯನ್ನು ಒಟ್ಟು ಅಸಲಿ ಮಿಲಿಗ್ರಾಂನಿಂದ ಭಾಗಿಸಿ ಎರಡು ಕಂಪನಿಗಳನ್ನು ಹೋಲಿಸಿ. ದೊಡ್ಡ ಡಬ್ಬಿ ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಇಲ್ಲಿ ತಲೆಕೆಳಗಾಗುತ್ತದೆ.

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಆಮೇಲೆ ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಅದರಲ್ಲಿ ಇರಬೇಕು. ಸ್ಪಿರುಲಿನಾಗೆ ಮೈಕ್ರೋಸಿಸ್ಟಿನ್ ಕೂಡ. ಸಣ್ಣ ಬೆಳೆಗಾರರಿಂದ ಕೊಳ್ಳುವಾಗಲೂ ಕೇಳಲು ಸಂಕೋಚ ಬೇಡ. ಒಳ್ಳೆಯ ಬೆಳೆಗಾರರು ತೊಟ್ಟಿಯನ್ನೂ ತೋರಿಸುತ್ತಾರೆ, ವರದಿಯನ್ನೂ ಕೊಡುತ್ತಾರೆ. ಸ್ಪಿರುಲಿನಾದಲ್ಲಿ ಕೊಳೆತ ವಾಸನೆ ಬಂದರೆ, ಬಣ್ಣ ಕಂದಿಗೆ ತಿರುಗಿದ್ದರೆ ತಗೋಬೇಡಿ. ತೆರೆದ ಮೇಲೆ ಗಾಢ ಬಣ್ಣದ ಬಿಗಿ ಡಬ್ಬಿಯಲ್ಲಿ, ಬಿಸಿಲು ತಾಗದ ಕಡೆ ಇಡಿ.

ಗರ್ಭಿಣಿಯರು, ಎದೆಹಾಲು ಕೊಡುವವರು, ಚಿಕ್ಕ ಮಕ್ಕಳಿಗೆ ಈ ಕ್ಯಾಪ್ಸೂಲ್‌ಗಳಲ್ಲಿ ಯಾವುದನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ. ಕಿಮೊಥೆರಪಿ ನಡೆಯುತ್ತಿರುವವರಂತೂ ಆಂಟಿಆಕ್ಸಿಡೆಂಟ್ ಎಂಬ ಹೆಸರಿನ ಏನನ್ನೂ ತಾವಾಗಿ ಶುರುಮಾಡಬಾರದು, ಚಿಕಿತ್ಸೆಗೇ ಅಡ್ಡಬರುವ ಸಾಧ್ಯತೆ ಇದೆ. ಉಳಿದವರು ಒಂದು ಸಲಕ್ಕೆ ಒಂದನ್ನೇ ಶುರುಮಾಡಿ. ಹೊಟ್ಟೆ ಕೆಟ್ಟರೆ, ಮೈ ತುರಿಸಿದರೆ ಯಾವುದರಿಂದ ಎಂದು ಗೊತ್ತಾಗುತ್ತದೆ. ಮೂರು ತಿಂಗಳು ನೋಡಿ. ನೀವು ಯಾವ ಕಾರಣಕ್ಕೆ ಶುರುಮಾಡಿದಿರೋ ಅದರಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಎರಡನೇ ಡಬ್ಬಿ ಕೊಳ್ಳಬೇಡಿ. ಆ ದುಡ್ಡಿಗೆ ಹಣ್ಣು, ಸೊಪ್ಪು, ಮೀನು ತನ್ನಿ.